ಪಾರ್ಕಿನ್ಸನ್ಸ್ ಇರೋರ ಕೈಕಾಲು ನೋವು: ಪೇನ್ ಕಿಲ್ಲರ್ ಕೊಡೋ ಮುಂಚೆ ಗಡಿಯಾರ ನೋಡಿ

ಪಾರ್ಕಿನ್ಸನ್ಸ್ ಅಂದ್ರೆ ಕೈ ನಡುಗತ್ತೆ, ನಡಿಗೆ ನಿಧಾನ ಆಗತ್ತೆ, ಮಾತು ಮೆತ್ತಗಾಗತ್ತೆ, ಇಷ್ಟು ಎಲ್ರಿಗೂ ಗೊತ್ತು. ಆದ್ರೆ ಮನೇಲಿ ಒಬ್ರನ್ನ ನೋಡ್ಕೊಳ್ತಾ ಇರೋರಿಗೆ ಕೇಳಿ, ದಿನಾ ಬರೋ ದೂರು ನಡುಕದ್ದಲ್ಲ, ನೋವಿಂದು. "ಕಾಲು ಸೆಳೀತಿದೆ", "ಭುಜ ಎತ್ತಕ್ಕಾಗ್ತಿಲ್ಲ", "ಪಾದ ಉರೀತಿದೆ". ಮನೆಯವ್ರು ವಯಸ್ಸಾಯ್ತಲ್ಲ ಅಂತ ಮುಲಾಮು ಹಚ್ತಾರೆ, ಮೆಡಿಕಲ್ ಶಾಪಲ್ಲಿ ಕೇಳಿ ಒಂದು ನೋವಿನ ಗುಳಿಗೆ ತರ್ತಾರೆ, ಅದಕ್ಕೆ ಹೊಟ್ಟೆ ಉರಿ ಬಂದ್ರೆ ಇನ್ನೊಂದು ಗ್ಯಾಸಿನ ಮಾತ್ರೆ, ಹಿಂಗೇ ಪಟ್ಟಿ ಬೆಳೀತಾ ಹೋಗತ್ತೆ, ನೋವು ಮಾತ್ರ ಇದ್ದಲ್ಲೇ ಇರತ್ತೆ.

ನಮ್ಮ ಮಾವನವ್ರಿಗೆ ಈ ಕಾಯಿಲೆ ಬಂದು ವರ್ಷಗಳಾದ್ವು, ಅವ್ರ ಗುಳಿಗೆ ಡಬ್ಬಿ ನೋಡ್ಕೊಳ್ಳೋಳು ನಾನೇ. ಡಾಕ್ಟರ್ ಅಲ್ಲ ನಾನು, ಡೋಸ್ ಹೆಚ್ಚು ಕಮ್ಮಿ ಮಾಡೋದು ನಿಮ್ಮ ನ್ಯೂರಾಲಜಿಸ್ಟ್ ಕೆಲಸ. ಆದ್ರೆ ಅವ್ರು ಸರಿಯಾಗಿ ಡಿಸೈಡ್ ಮಾಡ್ಬೇಕು ಅಂದ್ರೆ ಮನೆಯಿಂದ ಸರಿಯಾದ ಮಾಹಿತಿ ಹೋಗ್ಬೇಕಲ್ವಾ, ಅದನ್ನ ಹೇಗೆ ರೆಡಿ ಮಾಡೋದು ಅಂತ ಇಲ್ಲಿ ಬರೀತಿದೀನಿ.

ಮೊದಲ ಕೆಲಸ: ನೋಟ್‌ಬುಕ್

ಆಪ್ ಗೀಪ್ ಏನೂ ಬೇಡ. ಮಕ್ಕಳ ಹಳೇ ನೋಟ್‌ಬುಕ್ ಸಾಕು. ಒಂದು ವಾರದಷ್ಟು ದಿನ ನಾಲ್ಕು ವಿಷಯ ಬರೀರಿ: ಪಾರ್ಕಿನ್ಸನ್ಸ್‌ನ ಮುಖ್ಯ ಗುಳಿಗೆ ಲೆವೊಡೋಪ ಎಷ್ಟು ಗಂಟೆಗೆ ನುಂಗಿದ್ರು, ಏನು ತಿಂದ್ರು ಯಾವಾಗ ತಿಂದ್ರು, ನೋವು ಯಾವಾಗ ಎಲ್ಲಿ ಬಂತು, ಆ ಹೊತ್ತಲ್ಲಿ ಮೈ ಸಡಿಲ ಇತ್ತಾ ಬಿಗಿ ಇತ್ತಾ. ಗುಳಿಗೆ ಕೆಲಸ ಮಾಡ್ತಿರೋ ಹೊತ್ತನ್ನ ಡಾಕ್ಟ್ರು ಆನ್ ಅಂತಾರೆ, ಅದ್ರ ಶಕ್ತಿ ಇಳಿದ ಹೊತ್ತನ್ನ ಆಫ್ ಅಂತಾರೆ. ನಮ್ಮನೇ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

"ಬೆಳಿಗ್ಗೆ 5:10. ಎಡಗಾಲು ಹೆಬ್ಬೆರಳು ಮೇಲೆದ್ದಿದೆ, ಮಿಕ್ಕ ಬೆರಳು ಒಳಗೆ ಮಡಚಿದೆ, ಪಾದ ಒಳಕ್ಕೆ ತಿರುಗಿದೆ. ಮೀನಖಂಡ ಗಟ್ಟಿ. 6:00 ಗುಳಿಗೆ. 6:45 ಬೆರಳು ಇಳೀತು, ನೋವಿಲ್ಲ. 11:30 ಅದೇ ಕಾಲು ಮತ್ತೆ. 12:30 ಗುಳಿಗೆ, ಊಟದ ಜೊತೇಲಿ. 2:00 ಆದ್ರೂ ಬಿಟ್ಟಿಲ್ಲ."

ಈ ಪುಟ ತೋರಿಸಿದಾಗ ಡಾಕ್ಟ್ರು ಕಾಲು ಮುಟ್ಟೋಕ್ ಮುಂಚೇನೇ ಅರ್ಧ ಉತ್ತರ ಹೇಳಿದ್ರು. ರಾತ್ರಿ ಕೊನೇ ಗುಳಿಗೆ ಆಗಿ ಬೆಳಗಿನ ಜಾವದ ಹೊತ್ತಿಗೆ ಅದ್ರ ಶಕ್ತಿ ಪೂರ್ತಿ ಖಾಲಿ, ಅದಕ್ಕೇ 5 ಗಂಟೆಗೆ ಕಾಲು ತಿರುಚಿಕೊಳ್ತಿದೆ. ಬೆಳಗಿನ ಗುಳಿಗೆ ಮಧ್ಯಾಹ್ನದವರೆಗೂ ಬರ್ತಿಲ್ಲ, ಅದಕ್ಕೆ 11:30ಕ್ಕೆ ಮತ್ತೆ. ಮಧ್ಯಾಹ್ನದ್ದು ಊಟದ ಜೊತೆ ಹೋಗಿರೋದ್ರಿಂದ ಹೊಟ್ಟೇಲೇ ಕೂತಿದೆ. ಇದ್ರಲ್ಲಿ ಪೇನ್ ಕಿಲ್ಲರ್ ಮಾಡೋ ಕೆಲಸ ಏನೂ ಇಲ್ಲ ನೋಡಿ.

ಎರಡನೇದು: ಇದು ಯಾವ ನೋವು

ಪಾರ್ಕಿನ್ಸನ್ಸ್‌ನಲ್ಲಿ ಬರೋ ನೋವು ಒಂದೇ ಥರದ್ದಲ್ಲ, ಒಬ್ರಿಗೇ ಎರಡು ಮೂರು ಥರ ಒಟ್ಟಿಗೆ ಇರಬಹುದು, ಒಂದೊಂದಕ್ಕೂ ದಾರಿ ಬೇರೆ.

ಮೇಲೆ ಬರೆದಿದ್ದು ಡಿಸ್ಟೋನಿಯಾ, ಅಂದ್ರೆ ಸ್ನಾಯು ತಾನಾಗೇ ಬಿಗಿದು ತಿರುಚಿಕೊಳ್ಳೋದು. ಹೆಚ್ಚಾಗಿ ಪಾದಕ್ಕೆ ಬರತ್ತೆ, ಹೆಚ್ಚಾಗಿ ಬೆಳಗಿನ ಜಾವ ಬರತ್ತೆ, ಯಾವ ಕಡೆ ಕಾಯಿಲೆ ಶುರುವಾಗಿತ್ತೋ ಆ ಕಡೆನೇ ಜಾಸ್ತಿ. ನರ ಹಿಡ್ಕೊಂಡಿದೆ ಅಂತ ಜನ ಜೋರಾಗಿ ಎಳೀತಾರೆ, ಎಣ್ಣೆ ಹಾಕಿ ತಿಕ್ತಾರೆ, ಹಾಗೆ ಬಲವಂತ ಮಾಡ್ಬೇಡಿ. ಮಂಚದ ಅಂಚಲ್ಲಿ ಕೂರಿಸಿ, ಅಂಗಾಲು ಪೂರ್ತಿ ನೆಲಕ್ಕೆ ತಾಗೋ ಹಾಗೆ ಇಟ್ಟು, ಮೊಣಕಾಲಿನ ಮೇಲೆ ನಿಧಾನಕ್ಕೆ ಭಾರ ಬಿಡಿಸಿ, ಬಿಸಿನೀರಿನ ಬಟ್ಟೆ ಮೀನಖಂಡಕ್ಕೆ ಸುತ್ತಿ. ನಮ್ಮ ಮಾವ ಬೆಳಿಗ್ಗೆ ಕರೆಯೋದೇ "ಸ್ವಲ್ಪ ಈ ಹೆಬ್ಬೆರಳು ಹಿಡ್ಕೊಳ್ಳಮ್ಮ" ಅಂತ, ಹಿಡ್ಕೊಂಡ್ರೆ ಸಾಕು, ಎಳೆಯೋದು ಬೇಡ. ಡಾಕ್ಟ್ರ ಹತ್ರ ಇದಕ್ಕೆ ಬೇಕಾದಷ್ಟು ದಾರಿ ಇದೆ: ರಾತ್ರಿ ಮಲಗೋವಾಗ ನಿಧಾನಕ್ಕೆ ಬಿಡುಗಡೆ ಆಗೋ ಸಿಆರ್ ಗುಳಿಗೆ, ಹಗಲಿನ ಡೋಸನ್ನ ಹತ್ತಿರ ಹತ್ತಿರ ತರೋದು, ಎಂಟಾಕಪೋನ್ ಸೇರಿಸಿ ಗುಳಿಗೆ ಜಾಸ್ತಿ ಹೊತ್ತು ಬರೋ ಹಾಗೆ ಮಾಡೋದು, ಇಷ್ಟಕ್ಕೂ ಬಗ್ಗದಿದ್ರೆ ಆ ಸ್ನಾಯುವಿಗೆ ಬಿಗಿ ಸಡಿಲಿಸೋ ಬೊಟುಲಿನಮ್ ಇಂಜೆಕ್ಷನ್. ಬೆಳಗಿನ ಮೊದಲ ಗುಳಿಗೆ ಮತ್ತೆ ಒಂದು ಲೋಟ ನೀರು ರಾತ್ರಿನೇ ತಲೆದಿಂಬಿನ ಹತ್ರ ಇಟ್ಟು, ಎದ್ದ ತಕ್ಷಣ ನುಂಗಿ, ಅದು ಹತ್ತೋವರೆಗೂ ಮಲಗೇ ಇರೋದು ಕೂಡ ಎಷ್ಟೋ ಜನಕ್ಕೆ ಸಹಾಯ ಆಗತ್ತೆ. ಸಿಆರ್ ಗುಳಿಗೆನ ಮಾತ್ರ ಪುಡಿ ಮಾಡಿ ಕೊಡ್ಬಾರ್ದು, ಜಗಿಯಕ್ಕೂ ಬಿಡ್ಬಾರ್ದು.

ಇದಕ್ಕೆ ಉಲ್ಟಾನೂ ಇದೆ. ಗುಳಿಗೆ ತಗೊಂಡು ಒಂದು ಒಂದೂವರೆ ಗಂಟೆಗೆ ಮೈ ಕೈ ತಾನಾಗೇ ಓಲಾಡಕ್ಕೆ ಶುರುವಾಗಿ, ಅದ್ರಿಂದ ಸುಸ್ತು, ನೋವು. ಇದು ಡೋಸ್ ಏರಿದಾಗ ಬರೋ ಡಿಸ್ಕೈನೇಸಿಯಾ. ಒಂದು ಆಫ್‌ನಲ್ಲಿ ಬರತ್ತೆ, ಒಂದು ಆನ್‌ನಲ್ಲಿ ಬರತ್ತೆ, ಡಾಕ್ಟ್ರಿಗೆ ಬರೀ "ಕಾಲು ನೋವು ಸಾರ್" ಅಂದ್ರೆ ಡೋಸ್ ಹೆಚ್ಚಿಸ್ಬೇಕೋ ಇಳಿಸ್ಬೇಕೋ ಅವ್ರಿಗಾದ್ರೂ ಹೇಗೆ ಗೊತ್ತಾಗ್ಬೇಕು? ಟೈಮ್ ಬರೀರಿ ಅಂತ ಅಷ್ಟು ಒತ್ತಿ ಹೇಳ್ತಿರೋದು ಇದಕ್ಕೇ.

ಭುಜ, ಸೊಂಟ, ಮೊಣಕಾಲಿನ ನೋವು ಇನ್ನೊಂದು ಗುಂಪು. ಮೈ ಬಿಗಿ ಇದ್ದು, ಕೈ ಬೀಸದೇ ನಡೆದು, ಬಗ್ಗಿ ಕೂತು ಕೂತು ಕೀಲು ಹಿಡ್ಕೊಂಡಿರತ್ತೆ. ಎಷ್ಟೋ ಜನಕ್ಕೆ ನಡುಕ ಕಾಣಿಸೋಕ್ ಮುಂಚೆನೇ ಒಂದು ಕಡೆ ಭುಜ ಹಿಡ್ಕೊಂಡಿರತ್ತೆ, ಫ್ರೋಜನ್ ಶೋಲ್ಡರ್ ಅಂತ ತಿಂಗಳುಗಟ್ಟಲೆ ಟ್ರೀಟ್‌ಮೆಂಟ್ ಆಗಿರತ್ತೆ. ಇದಕ್ಕೆ ಮುಖ್ಯ ಔಷಧಿ ಫಿಸಿಯೋಥೆರಪಿ. ವ್ಯಾಯಾಮನ ಆನ್ ಇರೋ ಹೊತ್ತಲ್ಲೇ ಮಾಡಿಸಿ, ಬಿಗಿ ಇರೋವಾಗ ಮಾಡಿಸಿದ್ರೆ ನೋವೂ ಜಾಸ್ತಿ, ಮಾರನೇ ದಿನ ಬೇಡ ಅಂತ ಮುಖ ತಿರುಗಿಸ್ತಾರೆ. ಗೋಡೆ ಮೇಲೆ ಬೆರಳಲ್ಲಿ ಮೇಲೇರೋದು, ಬಾಗಿಲ ಚೌಕಟ್ಟು ಹಿಡಿದು ಎದೆ ಅಗಲ ಮಾಡೋದು, ಗೋಡೆಗೆ ಕೈ ಕೊಟ್ಟು ಹಿಮ್ಮಡಿ ನೆಲಕ್ಕೆ ಒತ್ತಿ ಮೀನಖಂಡ ಎಳೆಯೋದು, ದಿನಾ ಸ್ವಲ್ಪ ಸ್ವಲ್ಪ. ವಿಟಮಿನ್ ಡಿ ಒಂದು ಸಲ ಚೆಕ್ ಮಾಡಿಸಿಬಿಡಿ, ಮನೆ ಒಳಗೇ ಇರೋರಿಗೆ ಕಮ್ಮಿ ಇರೋದು ಮಾಮೂಲು.

ನರದ ನೋವಾದ್ರೆ ಉರಿ, ಜುಮುಜುಮು, ಅಂಗಾಲಲ್ಲಿ ಸ್ಪರ್ಶ ಗೊತ್ತಾಗದೇ ಇರೋದು. ಸೊಂಟದಿಂದ ಕಾಲಿನ ಹಿಂಬದಿಗೆ ಗೆರೆ ಎಳೆದಂಗೆ ಇಳಿದ್ರೆ ಬೆನ್ನುಮೂಳೆ ಕಡೆ ನೋಡ್ಬೇಕು. ಎರಡೂ ಪಾದ ಉರೀತಿದ್ರೆ ಬಿ12 ಮತ್ತೆ ಶುಗರ್ ಟೆಸ್ಟ್ ಮಾಡಿಸಿ. ಈ ಬಿ12 ವಿಷಯ ನಮ್ಮ ಕಡೆ ಜಾಸ್ತಿ ಗಮನ ಕೊಡ್ಬೇಕಾದ್ದು: ಲೆವೊಡೋಪ ತುಂಬಾ ವರ್ಷ, ಜಾಸ್ತಿ ಡೋಸಲ್ಲಿ ತಗೊಳ್ಳೋರಲ್ಲಿ ಬಿ12 ಕಮ್ಮಿ ಆಗಿ ನರ ಸೊರಗೋದು ಕಂಡುಬಂದಿದೆ, ಅದ್ರ ಜೊತೆ ಶುದ್ಧ ಸಸ್ಯಾಹಾರ, ಅದ್ರ ಮೇಲೆ ಶುಗರ್‌ಗೆ ಮೆಟ್‌ಫಾರ್ಮಿನ್, ಅದೂ ಬಿ12 ಇಳಿಸತ್ತೆ. ಮೂರೂ ಸೇರಿರೋ ಅಜ್ಜ ಅಜ್ಜಿಯರು ನಮ್ಮಲ್ಲಿ ಎಷ್ಟೋ ಜನ ಇದಾರೆ. ಹಾಗಂತ ಕೇಳ್ದೇ ಬಿ ಕಾಂಪ್ಲೆಕ್ಸ್ ದಿನಾ ನುಂಗಿಸ್ಬೇಡಿ, ಬಿ6 ತುಂಬಾ ಜಾಸ್ತಿ ಆದ್ರೆ ಅದೇ ನರ ನೋವು ತರತ್ತೆ.

ರಾತ್ರಿ ಮಲಗಿದ್ ಕೂಡ್ಲೇ ಕಾಲು ಆಡಿಸ್ತಾನೇ ಇರ್ಬೇಕು ಅನ್ಸೋದು, ಎದ್ದು ಓಡಾಡಿದ್ರೆ ಹಾಯಾಗೋದು, ಇದು ರೆಸ್ಟ್‌ಲೆಸ್ ಲೆಗ್ಸ್ ಇರಬಹುದು, ಫೆರಿಟಿನ್ ಅಂತ ಕಬ್ಬಿಣದ ಟೆಸ್ಟ್ ಕೇಳಿ. ಕಬ್ಬಿಣದ ಮಾತ್ರೆ ಕೊಟ್ರೆ ಲೆವೊಡೋಪ ಜೊತೆ ಮಾತ್ರ ಬೇಡ, ಎರಡು ಗಂಟೆ ಅಂತರ ಇರ್ಲಿ, ಇಲ್ದಿದ್ರೆ ಗುಳಿಗೆ ಹತ್ತಲ್ಲ.

ಇನ್ನೊಂದು ವಿಚಿತ್ರದ್ದಿದೆ, ಸಾಮಾನ್ಯವಾಗಿ ತಪ್ಪಿಹೋಗೋದು. ಎದ್ದು ನಿಂತಾಗ ಕತ್ತಿನ ಹಿಂಭಾಗ, ಎರಡೂ ಭುಜ ನೋಯತ್ತೆ, ಮಲಗಿದ್ರೆ ಹೋಗತ್ತೆ. ಇದು ನಿಂತಾಗ ಬಿಪಿ ಇಳಿಯೋದ್ರಿಂದ ಇರಬಹುದು. ಮನೇಲಿ ಬಿಪಿ ಮೆಷಿನ್ ಇದ್ರೆ ಐದು ನಿಮಿಷ ಮಲಗಿಸಿ ನೋಡಿ, ಆಮೇಲೆ ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದ್ರೆ ಡಾಕ್ಟ್ರಿಗೆ ಹೇಳಿ. ಮೊದಲಿಂದ ಬಿಪಿ ಮಾತ್ರೆ ತಗೊಳ್ತಿದ್ರೆ ಅದನ್ನೇ ಕಮ್ಮಿ ಮಾಡಬೇಕಾಗಬಹುದು, ಪಾರ್ಕಿನ್ಸನ್ಸ್‌ನ ಗುಳಿಗೆಗಳೂ ಬಿಪಿ ಇಳಿಸ್ತಾವೆ.

ಮೂರನೇದು: ಗುಳಿಗೆ ಮತ್ತೆ ಊಟ

ಲೆವೊಡೋಪ ಕರುಳಲ್ಲಿ ಹೀರ್ಕೊಳ್ಳೋ ದಾರಿನೂ ಪ್ರೋಟೀನ್ ಹೋಗೋ ದಾರಿನೂ ಒಂದೇ. ಬೇಳೆ, ಹಾಲು, ಮೊಸರು, ಮೊಟ್ಟೆ, ಮಾಂಸ ಜೊತೇಲಿ ಹೋದ್ರೆ ಗುಳಿಗೆ ಹಿಂದೆ ಬೀಳತ್ತೆ. ಅದಕ್ಕೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲಾ ಊಟ ಆಗಿ ಒಂದು ಗಂಟೆ ಮೇಲೆ, ಬರೀ ನೀರಲ್ಲಿ. ನಮ್ಮಲ್ಲಿ ಮಾತ್ರೆ ಅಂದ್ರೆ ಹಾಲಲ್ಲೇ ಕೊಡೋ ಅಭ್ಯಾಸ ಇದೆಯಲ್ಲ, ಅದನ್ನ ಬಿಡಿಸಿ. ಶುರುವಲ್ಲಿ ಹೊಟ್ಟೆ ತೊಳಸಿದ್ರೆ ಒಂದು ಹಿಡಿ ಮಂಡಕ್ಕಿನೋ ಒಂದು ಸಾದಾ ಬಿಸ್ಕತ್ತೋ ಕೊಡಿ. ಪ್ರೋಟೀನ್ ನಿಲ್ಲಿಸೋದು ಮಾತ್ರ ಬೇಡ, ಈ ಕಾಯಿಲೇಲಿ ತೂಕ ಮೊದಲೇ ಇಳೀತಿರತ್ತೆ, ಬೇಳೆ ಕಾಳು ಮೊಸರನ್ನ ರಾತ್ರಿ ಊಟಕ್ಕೆ ಜಾಸ್ತಿ ಸರಿಸಿದ್ರೆ ಕೆಲವ್ರಿಗೆ ಹಗಲು ಚೆನ್ನಾಗಿರತ್ತೆ. ಮಲಬದ್ಧತೆ ಇದ್ರೂ ಗುಳಿಗೆ ಸರಿಯಾಗಿ ಹತ್ತಲ್ಲ, ಅದನ್ನ ಸಣ್ಣ ವಿಷಯ ಅನ್ಕೋಬೇಡಿ.

ಸ್ಟ್ರಿಪ್ ತಿರುಗಿಸಿ ಓದಿ. ಸಿಂಡೋಪಾ ಅನ್ನೋದು ಲೆವೊಡೋಪ ಗುಳಿಗೆಯ ಒಂದು ಬ್ರ್ಯಾಂಡ್, ಸಿಂಡೋಪಾ 110 ಅಂದ್ರೆ ಲೆವೊಡೋಪ 100, ಕಾರ್ಬಿಡೋಪ 10. ಸಿಂಡೋಪಾ ಪ್ಲಸ್ ಅಂದ್ರೆ 100 ಮತ್ತೆ 25. ವಾಂತಿ, ಹೊಟ್ಟೆ ತೊಳಸೋದನ್ನ ತಡೆಯೋದು ಈ ಕಾರ್ಬಿಡೋಪ, ದಿನಕ್ಕೆ ಸುಮಾರು 70ರಿಂದ 100 ಮಿಲಿಗ್ರಾಂ ಬೇಕು. 110ರ ಗುಳಿಗೆ ದಿನಕ್ಕೆ ಮೂರು ತಗೊಂಡ್ರೆ ಸಿಗೋದು 30 ಅಷ್ಟೇ. ವಾಂತಿ ನಿಲ್ತಿಲ್ಲ ಅಂದ್ರೆ ಇದನ್ನ ಡಾಕ್ಟ್ರ ಹತ್ರ ಎತ್ತಿ. ಅಂಗಡಿಯವ್ರು "ಎರಡೂ ಒಂದೇ ಮೇಡಂ" ಅಂದ್ರೆ ಒಪ್ಕೋಬೇಡಿ.

ನಾಲ್ಕನೇದು: ಯಾವ ಗುಳಿಗೆಯಿಂದ ಏನಾಗ್ತಿದೆ

ಕಾಲು ಊದ್ಕೊಂಡು ಭಾರ ಆಗಿ ನೋಯ್ತಿದ್ರೆ ಮೊದಲು ಔಷಧಿ ಪಟ್ಟಿ ನೋಡಿ. ಪಾರ್ಕಿನ್ಸನ್ಸ್‌ಗೇ ಕೊಡೋ ಅಮಾಂಟಡಿನ್, ಪ್ರಮಿಪೆಕ್ಸೋಲ್, ರೋಪಿನಿರೋಲ್ ಮೂರೂ ಪಾದ ಊದಿಸಬಲ್ಲವು, ನರದ ನೋವಿಗೆ ಕೊಡೋ ಪ್ರಿಗ್ಯಾಬಲಿನ್‌ನೂ ಊದಿಸತ್ತೆ, ಬಿಪಿಗೆ ಕೊಡೋ ಆಮ್ಲೋಡಿಪಿನ್‌ನೂ ಊದಿಸತ್ತೆ. ಅಮಾಂಟಡಿನ್ ತಗೊಳ್ಳೋರ ತೊಡೆ, ಕಾಲಿನ ಚರ್ಮದ ಮೇಲೆ ನೇರಳೆ ಬಣ್ಣದ ಬಲೆ ಹರಡಿದಂಗೆ ಕಾಣಿಸೋದುಂಟು, ನೋಡಿದವ್ರು ಹೆದರಿಬಿಡ್ತಾರೆ, ಸಾಮಾನ್ಯವಾಗಿ ಅಪಾಯದ್ದಲ್ಲ, ಆದ್ರೂ ತೋರಿಸಿ. ಕಿಡ್ನಿ ತೊಂದರೆ ಇದ್ರೆ ಈ ಗುಳಿಗೆ ಡೋಸ್ ಇಳಿಸ್ಬೇಕು.

ಪ್ರಮಿಪೆಕ್ಸೋಲ್, ರೋಪಿನಿರೋಲ್ ಬಗ್ಗೆ ಇನ್ನೊಂದು ಮಾತು, ಮನೆಯವ್ರು ಮುಜುಗರಕ್ಕೆ ಮುಚ್ಚಿಡೋ ವಿಷಯ. ಇವು ಕೆಲವ್ರಲ್ಲಿ ತಡೆಯಕ್ಕಾಗದ ಚಟ ಹುಟ್ಟಿಸ್ತಾವೆ: ಮೊಬೈಲಲ್ಲಿ ದುಡ್ಡು ಕಟ್ಟಿ ಆಡೋದು, ಬೇಡದ್ದೆಲ್ಲ ಆರ್ಡರ್ ಮಾಡೋದು, ಕಾಮದ ವಿಷಯದಲ್ಲಿ ಅತಿ, ರಾತ್ರಿ ಎದ್ದು ಸಿಹಿ ತಿನ್ನೋದು. ಅಪ್ಪಂಗೆ ಈ ವಯಸ್ಸಲ್ಲಿ ಬುದ್ಧಿ ಕೆಟ್ಟಿದೆ ಅಂತ ಬೈಯೋಕ್ ಮುಂಚೆ ಗುಳಿಗೆ ಶುರುವಾದ ತಾರೀಖು ನೋಡಿ. ಇದ್ದಕ್ಕಿದ್ದಂಗೆ ನಿದ್ದೆ ಹೊಡೆಯೋದೂ ಇವುಗಳಿಂದ ಆಗತ್ತೆ, ಗಾಡಿ ಓಡಿಸೋರಾದ್ರೆ ಕೀ ಎತ್ತಿಡಿ. ಆದ್ರೆ ಇವನ್ನ ನೀವೇ ಒಂದೇ ಸಲ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೂ ಗಾಬರಿ, ಬೆವರು, ನೋವು, ಖಿನ್ನತೆ ಬರತ್ತೆ.

ನಡುಕಕ್ಕೆ ಕೊಡೋ ಪ್ಯಾಸಿಟೇನ್, ಅಂದ್ರೆ ಟ್ರೈಹೆಕ್ಸಿಫೆನಿಡಿಲ್, ವಯಸ್ಸಾದವ್ರಿಗೆ ಬಾಯಿ ಒಣಗಿಸತ್ತೆ, ಮಲಬದ್ಧತೆ ತರತ್ತೆ, ಮೂತ್ರ ಕಟ್ಟಿಸತ್ತೆ, ಮರೆವು ಗೊಂದಲ ಜಾಸ್ತಿ ಮಾಡತ್ತೆ. ಎಂದೋ ಬರೆದುಕೊಟ್ಟಿದ್ದು ಹಾಗೇ ಮುಂದುವರೀತಿದ್ರೆ ಇನ್ನೂ ಬೇಕಾ ಅಂತ ಕೇಳಿ. ಲೆವೊಡೋಪದಿಂದ ಮೂತ್ರ, ಬೆವರು ಕಂದು ಬಣ್ಣಕ್ಕೆ ತಿರುಗಬಹುದು, ಎಂಟಾಕಪೋನ್‌ನಿಂದ ಮೂತ್ರ ಕಿತ್ತಳೆ ಬಣ್ಣ ಆಗಬಹುದು, ಬಿಳಿ ಪಂಚೆಗೆ ಕಲೆ ಆಗತ್ತೆ ಅನ್ನೋದು ಬಿಟ್ರೆ ಅದ್ರಲ್ಲಿ ತೊಂದರೆ ಇಲ್ಲ. ಇಲ್ಲದ ಜನ, ಮಕ್ಕಳು, ಬೆಕ್ಕು ಕಾಣಿಸ್ತಿದೆ ಅಂದ್ರೆ ಮಾತ್ರ ದೆವ್ವ ಗಿವ್ವ ಅನ್ನದೇ ಬೇಗ ಡಾಕ್ಟ್ರಿಗೆ ತಿಳಿಸಿ.

ಐದನೇದು: ನೋವಿನ ಗುಳಿಗೆ ಕೊಡ್ಲೇಬೇಕು ಅಂದ್ರೆ

ಪ್ಯಾರಾಸಿಟಮಾಲ್‌ನಿಂದ ಶುರು ಮಾಡೋದು ಸಾಮಾನ್ಯ, ವಯಸ್ಸಾದವ್ರಿಗೆ ದಿನಕ್ಕೆ 3 ಗ್ರಾಂ ದಾಟಬಾರ್ದು, ಲಿವರ್ ತೊಂದರೆ ಇದ್ರೆ ಅದಕ್ಕಿಂತ ಕಮ್ಮಿ. ಡೈಕ್ಲೋಫೆನಾಕ್ ಥರದವು ಕಿಡ್ನಿಗೆ, ಹೊಟ್ಟೆಗೆ, ಹೃದಯಕ್ಕೆ ಭಾರ, ದಿನಾ ನುಂಗೋ ವಸ್ತು ಅಲ್ಲ, ಮೊಣಕಾಲಿಗೆ ಹಚ್ಚೋ ಜೆಲ್ ವಾಸಿ.

ಇಲ್ಲಿ ನಿಜವಾದ ಅಪಾಯ ಟ್ರಮಡೋಲ್. ಪ್ಯಾರಾಸಿಟಮಾಲ್ ಜೊತೆ ಸೇರಿಸಿದ ಗುಳಿಗೆ ರೂಪದಲ್ಲಿ ಮೂಳೆ ಡಾಕ್ಟ್ರು ಧಾರಾಳವಾಗಿ ಬರೀತಾರೆ. ಪಾರ್ಕಿನ್ಸನ್ಸ್‌ಗೆ ರಾಸಾಜಿಲಿನ್ ಅಥವಾ ಸೆಲೆಜಿಲಿನ್ ತಗೊಳ್ತಿದ್ರೆ ಅದ್ರ ಜೊತೆ ಟ್ರಮಡೋಲ್ ಕೂಡದು, ಕೆಮ್ಮಿನ ಸಿರಪ್ಪಲ್ಲಿ ಇರೋ ಡೆಕ್ಸ್ಟ್ರೋಮೆಥಾರ್ಫನ್‌ನೂ ಕೂಡದು, ಕೆಲವು ಡಿಪ್ರೆಶನ್ ಮಾತ್ರೆಗಳಿಗೂ ಇದೇ ಎಚ್ಚರ. ಜ್ವರ, ನಡುಕ, ಗೊಂದಲ, ಬಿಪಿ ಏರೋದು, ಜೀವಕ್ಕೇ ಬರಬಹುದು. ಮೂಳೆ ಡಾಕ್ಟ್ರಿಗೆ ನ್ಯೂರೋ ಚೀಟಿ ತೋರಿಸ್ದೇ ಯಾವ ಔಷಧಿನೂ ಬರೆಸ್ಕೋಬೇಡಿ.

ಗ್ಯಾಸು, ವಾಂತಿ, ತಲೆಸುತ್ತಿಗೆ ಕೊಡೋ ಕೆಲವು ಗುಳಿಗೆಗಳೂ ಕಾಯಿಲೆನೇ ಹೆಚ್ಚಿಸ್ತಾವೆ. ಮೆಟೊಕ್ಲೋಪ್ರಮೈಡ್ ಇರೋ ಪೆರಿನಾರ್ಮ್, ಪ್ರೋಕ್ಲೋರ್‌ಪೆರಜಿನ್ ಇರೋ ಸ್ಟೆಮೆಟಿಲ್, ಸಿನ್ನಾರಿಜಿನ್ ಇರೋ ಸ್ಟುಜೆರಾನ್, ತಲೆನೋವಿಗೆ ಕೊಡೋ ಫ್ಲುನಾರಿಜಿನ್, ಇವೆಲ್ಲ ಡೋಪಮಿನ್ ತಡೆಯೋವು, ಪಾರ್ಕಿನ್ಸನ್ಸ್ ಇರೋರ ಮಿದುಳಲ್ಲಿ ಮೊದಲೇ ಕಮ್ಮಿ ಇರೋ ರಾಸಾಯನಿಕ ಅದೇ. ಎಲ್ಲಕ್ಕಿಂತ ಕಳ್ಳ ಅಂದ್ರೆ ಲೆವೊಸಲ್ಪಿರೈಡ್, ಗ್ಯಾಸಿನ ಮಾತ್ರೆ ಒಳಗೆ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಜೊತೆ ಸೇರ್ಕೊಂಡು ಬರತ್ತೆ, ಎಷ್ಟೋ ಸಲ ಹೆಸರಿನ ಕೊನೇಲಿ ಒಂದು ಎಲ್ ಅಕ್ಷರ ಇರತ್ತೆ ಅಷ್ಟೇ, ಯಾರೂ ಗಮನಿಸಲ್ಲ. ನಮ್ಮ ಪರಿಚಯದ ಒಬ್ರು ಅಜ್ಜಿ ಇದನ್ನ ತಗೊಂಡು ಮೈ ಮರಗಟ್ಟಿ ಮಂಚ ಹಿಡಿದಿದ್ರು, ಗುಳಿಗೆ ನಿಲ್ಲಿಸಿದ ಮೇಲೆ ನಿಧಾನಕ್ಕೆ ಎದ್ರು. ವಾಂತಿಗೆ ಡಾಮ್‌ಪೆರಿಡೋನ್ ಸಾಮಾನ್ಯವಾಗಿ ಆಗತ್ತೆ, ಹೃದಯದ ತೊಂದರೆ ಇದ್ರೆ ಇಸಿಜಿ ನೋಡಿ ಕೊಡ್ತಾರೆ.

ಮತ್ತೆ ನಸುಗುನ್ನಿ. ಆ ಬೀಜದಲ್ಲಿ ನಿಜವಾಗ್ಲೂ ಲೆವೊಡೋಪ ಇದೆ, ಆಯುರ್ವೇದದಲ್ಲಿ ಕಂಪವಾತಕ್ಕೆ ಬಳಸ್ತಾರೆ, ಅದು ಸುಳ್ಳಲ್ಲ. ಅದಕ್ಕೇ ಜೋಪಾನ: ಗುಳಿಗೆ ಜೊತೆ ನಸುಗುನ್ನಿ ಪುಡಿನೂ ತಗೊಂಡ್ರೆ ಅದೇ ಔಷಧಿ ಎರಡು ಕಡೆಯಿಂದ, ಎಷ್ಟು ಅಂತ ಅಳತೆ ಇಲ್ದೇ ಹೋಗತ್ತೆ. ಓಲಾಟ, ವಾಂತಿ, ಬಿಪಿ ಇಳಿಯೋದು ಜಾಸ್ತಿ. ತಗೊಳ್ತಿದ್ರೆ ಮುಚ್ಚಿಡದೇ ಹೇಳಿ, ಎಷ್ಟೋ ಡಾಕ್ಟ್ರು ಬೈಯಲ್ಲ.

ಆರನೇದು: ಡಾಕ್ಟ್ರ ಮುಂದೆ ಆ ಐದು ನಿಮಿಷ

ನೋವು ಬಂದಾಗ ಪಾದದ ವಿಡಿಯೋ ಮೊಬೈಲಲ್ಲಿ ತೆಗೆದಿಡಿ, ಟೈಮ್ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ, ಯಾಕಂದ್ರೆ ಒಪಿಡಿಲಿ ಕೂತಾಗ ಹೆಬ್ಬೆರಳು ನೆಟ್ಟಗೇ ಇರತ್ತೆ. ನೋಟ್‌ಬುಕ್, ಎಲ್ಲ ಗುಳಿಗೆಗಳ ಸ್ಟ್ರಿಪ್, ಆಯುರ್ವೇದದ ಬಾಟ್ಲಿ ಸಮೇತ. ರಾಯಚೂರು, ಬಳ್ಳಾರಿ ಕಡೆಯಿಂದ ರಾತ್ರಿ ಬಸ್ಸಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೋರು ಗುಳಿಗೆನ ಬ್ಯಾಗಲ್ಲಿ ತುರುಕ್ಬೇಡಿ, ಜೇಬಲ್ಲೇ ಇಟ್ಕೊಳ್ಳಿ, ಮೊಬೈಲ್ ಅಲಾರಂ ಇಟ್ಟು ಕ್ಯೂನಲ್ಲಿದ್ರೂ ಟೈಮಿಗೆ ಕೊಡಿ. ಡಾಕ್ಟ್ರೇ ಗುಳಿಗೆ ಇಲ್ದೇ ನೋಡ್ಬೇಕು ಅಂತ ಮುಂಚೆ ಹೇಳಿದ್ರೆ ಆ ಮಾತು ಬೇರೆ. ಒಂದೇ ಭೇಟಿಲಿ ಎರಡು ಮೂರು ಗುಳಿಗೆ ಒಟ್ಟಿಗೆ ಬದಲಾಯಿಸೋ ಹಾಗಿದ್ರೆ ಒಂದೊಂದಾಗಿ ಮಾಡಬಹುದಾ ಅಂತ ಕೇಳಿ, ಇಲ್ದಿದ್ರೆ ಯಾವುದು ಗುಣ ಮಾಡ್ತು ಯಾವುದು ಕೆಡಿಸ್ತು ಗೊತ್ತಾಗಲ್ಲ.

ತಡ ಮಾಡ್ಬಾರದವು

ಗುಳಿಗೆ ತಪ್ಪಿದ ಮೇಲೆ ಅಥವಾ ದಿಢೀರ್ ನಿಲ್ಲಿಸಿದ ಮೇಲೆ ಜೋರು ಜ್ವರ, ಮೈ ಮರದ ಥರ ಬಿಗಿ, ಗೊಂದಲ ಬಂದ್ರೆ ತಕ್ಷಣ ಎಮರ್ಜೆನ್ಸಿ. ಒಂದೇ ಕಾಲು ಊದಿ ಬಿಸಿಯಾಗಿ ನೋಯ್ತಿದ್ರೆ ರಕ್ತ ಹೆಪ್ಪುಗಟ್ಟಿರಬಹುದು, ಆ ಕಾಲು ತಿಕ್ಬೇಡಿ. ಬಿದ್ದ ಮೇಲೆ ತೊಡೆಸಂದಿ ನೋವಿದ್ದು ಕಾಲು ಊರಕ್ಕಾಗದಿದ್ರೆ ಎಕ್ಸ್‌ರೇ. ಕಾಲು ಸೋಲೋದ್ರ ಜೊತೆ ಮಲ ಮೂತ್ರದ ಹಿಡಿತ ಹೋದ್ರೆ ಅದೇ ದಿನ ಆಸ್ಪತ್ರೆ.

ಬೇರೆ ಯಾವ ಕಾಯಿಲೆಗೆ ಅಡ್ಮಿಟ್ ಆದ್ರೂ ವಾರ್ಡಿನ ಸಿಸ್ಟರ್‌ಗೆ, ಆಪರೇಷನ್ ಇದ್ರೆ ಅರಿವಳಿಕೆ ಡಾಕ್ಟ್ರಿಗೆ ಪಾರ್ಕಿನ್ಸನ್ಸ್ ಇದೆ ಅಂತ ನೀವಾಗೇ ಹೇಳಿ. ವಾರ್ಡಲ್ಲಿ ಔಷಧಿ ಕೊಡೋ ಟೈಮಿಗೂ ನಿಮ್ಮ ಗುಳಿಗೆ ಟೈಮಿಗೂ ಹೊಂದಲ್ಲ, ಅದಕ್ಕೆ ಟೈಮುಗಳನ್ನ ದೊಡ್ಡಕ್ಷರದಲ್ಲಿ ಬರೆದು ಕೇಸ್ ಶೀಟಿಗೆ ಪಿನ್ ಮಾಡಿಸಿ, ವಾಂತಿಗೆ ಪೆರಿನಾರ್ಮ್, ಸ್ಟೆಮೆಟಿಲ್ ಬೇಡ ಅಂತ ಅದ್ರಲ್ಲೇ ಕೆಂಪು ಪೆನ್ನಲ್ಲಿ ಬರೀರಿ. ನುಂಗಕ್ಕಾಗದ ಸ್ಥಿತಿ ಇದ್ರೆ ಡೋಸ್ ಬಿಟ್ಟುಬಿಡಕ್ಕೆ ಬಿಡ್ಬೇಡಿ, ಮೂಗಿನ ನಳಿಕೆಲಿ ಹೇಗೆ ಕೊಡೋದು ಅಂತ ನಿಮ್ಮ ನ್ಯೂರಾಲಜಿಸ್ಟ್ ಹತ್ರ ಅಲ್ಲಿನ ಡಾಕ್ಟ್ರನ್ನ ಫೋನಲ್ಲೇ ಮಾತಾಡಿಸಿ.